ಚಾನೆಲ್ ದಂಡೆಯ ಕ್ಯಾಚು

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಓಬಯ್ಯ ಭದ್ರಾವತಿಯಲ್ಲಿ ಶಿವಮೊಗ್ಗದ ಬಸ್ಸು ಹತ್ತಿದನೆಂದರೆ ಅವನ ವಾರ ಶುರುವಾಯಿತು. ಸಂಜೆ ನಾಲ್ಕಕ್ಕೆ ವಾಪಸು ಬಂದು ಇಳಿದನೆಂದರೆ ಮುಗಿಯಿತು. ಉಳಿದ ಆರು ದಿನ ಅವನು ಬಾಯಿಬಿಟ್ಟು ಆಡುವ ಮಾತು ಹಾಲಿನವನಿಗೆ ಒಂದು, ತರಕಾರಿಯವಳಿಗೆ ಎರಡು. ಹೆಂಡತಿ ದೇವೀರಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಕಾಗದನಗರದ ಅಂಚಿನಲ್ಲಿ ಅವನದು ಬಾಡಿಗೆ ಮನೆ. ಎದುರಿಗೆ ಕ್ವಾರ್ಟರ್ಸಿನ ಸಾಲು. ಕಾಗದದ ಕಾರ್ಖಾನೆ ನಿಂತ ಮೇಲೆ ಹೆಚ್ಚಿನ ಮನೆಗಳಿಗೆ ಬೀಗ ಬಿದ್ದಿತ್ತು. ಬೀಗದ ಮನೆಗಳ ಮುಂದೆ ಬೆಳೆದ ಲಂಟಾನವನ್ನು ನೋಡುತ್ತಾ ಅವನು ಕಾಫಿ ಕುಡಿಯುತ್ತಿದ್ದ, ಲೋಟ ತೊಳೆದಿಡುತ್ತಿದ್ದ, ಆಮೇಲೆ ಮಧ್ಯಾಹ್ನವಾಗುವುದನ್ನು ಕಾಯುತ್ತಿದ್ದ.

ಭಾನುವಾರ ಹೋಗುತ್ತಿದ್ದದ್ದು ಗಾಂಧಿ ಬಜಾರಿನ ಜನಾರ್ದನನ ಪಾತ್ರೆ ಅಂಗಡಿಗೆ. ದೇವೀರಮ್ಮನ ತಿಥಿಗೆ ಬಂದವರ ಕೈಗೆ ಒಂದೊಂದು ಸ್ಟೀಲ್ ಲೋಟ ಕೊಡೋಣವೆಂದು ಮೊದಲ ಸಲ ಅಲ್ಲಿಗೆ ಹತ್ತಿದ್ದು. ಮೇಲಿನ ಗೂಡಿನಲ್ಲಿದ್ದ ಲೋಟ ತೋರಿಸಲು ಬಲಗೈ ಏಳದೆ ಎಡಗೈ ಎತ್ತಿದ. ಗಲ್ಲಾದಲ್ಲಿ ಕೂತಿದ್ದ ಬೋಳುತಲೆಯ ಯಜಮಾನ ಕನ್ನಡಕ ಸರಿಮಾಡಿಕೊಂಡು ನೋಡಿದ.

"ಭುಜ ಹೋಗಿದೆಯಾ?"

"ಹೂಂ, ಹಳೇದು."

"ನೀನು ಬೌಂಡ್ರಿ ಓಬಯ್ಯ ಅಲ್ವೇನಯ್ಯಾ?"

ಆ ಹೆಸರಿನಿಂದ ಅವನನ್ನು ಯಾರಾದರೂ ಕರೆದು ಮೂವತ್ತು ವರ್ಷದ ಮೇಲಾಗಿತ್ತು.

"ನಾನು ಜನಾರ್ದನ ಮಾರಾಯ. ಚಾನೆಲ್ ಗ್ರೌಂಡಲ್ಲಿ ನೀನು ಹಿಡಿದೆಯಲ್ಲ, ಆ ನಲವತ್ತೊಂದು ರನ್ನಿನ ಜನಾರ್ದನ."

ಓಬಯ್ಯನಿಗೆ ಆಗ ಗುರುತು ಹತ್ತಿತು. ಮೆಟ್ಟಿಲು ಹತ್ತುವಾಗಲೇ ಹತ್ತಿದ್ದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಿದ್ದ.

ಜನಾರ್ದನನದು ತುಂಬಿದ ಮನೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ವರ್ಷಕ್ಕೆ ಆರು ತಿಂಗಳು ಬಂದು ಕೂರುವ ತಂಗಿ. ಆದರೆ ಅವರಲ್ಲಿ ಯಾರೂ ಅವನ ಆಟ ನೋಡಿದವರಲ್ಲ, ಅದರ ಕತೆ ಕೇಳಿ ಕೇಳಿ ಸಾಕಾದವರು. ಹಾಗಾಗಿ ಓಬಯ್ಯ ಸಿಕ್ಕಿದ್ದು ಅವನಿಗೆ ಬರಗಾಲದಲ್ಲಿ ಬಾವಿ ಸಿಕ್ಕಿದ ಹಾಗಾಯಿತು. ಪ್ರತಿ ಭಾನುವಾರ ಗಲ್ಲಾದ ಪಕ್ಕ ಒಂದು ಸ್ಟೂಲು, ಎರಡು ಸಲ ಕಾಫಿ, ಮಧ್ಯಾಹ್ನ ಮನೆಯಿಂದ ಬಂದ ಕ್ಯಾರಿಯರಿನಲ್ಲಿ ಪಾಲು. ಗಿರಾಕಿ ಯಾರೇ ಬರಲಿ, ಕುಕ್ಕರಿನ ಮುಚ್ಚಳ ತೋರಿಸುತ್ತಲೇ ಜನಾರ್ದನ ಶುರುಮಾಡುತ್ತಿದ್ದ.

"ಇವನನ್ನ ನೋಡ್ಕೊಳಿ ಅಮ್ಮಾ. ನಾನು ಇವತ್ತು ನಿಮಗೆ ಕುಕ್ಕರ್ ಮಾರ್ತಾ ಇರೋದಕ್ಕೆ ಇವನೇ ಕಾರಣ. ಮೂವತ್ತು ಗಜ ಓಡಿ ಬಂದು ಹಿಡಿದ. ಬೇರೆ ಯಾವನೇ ಆಗಿದ್ರೂ ಅದು ಸಿಕ್ಸರ್ರು. ನಾನು ಕಾರ್ಖಾನೆ ಸೇರ್ತಿದ್ದೆ, ನಮ್ಮಪ್ಪ ಬೇರೆ ಯಾರನ್ನಾದ್ರೂ ಇಲ್ಲಿ ಕೂರಿಸ್ತಿದ್ದ."

ಮೊದಲ ಭಾನುವಾರ ಹತ್ತು ಗಜವಿದ್ದದ್ದು ಮೂರು ವರ್ಷದಲ್ಲಿ ಮೂವತ್ತಾಗಿತ್ತು. ಗಿರಾಕಿಗಳು ನಕ್ಕು ಓಬಯ್ಯನ ಕಡೆ ನೋಡುತ್ತಿದ್ದರು. ಅವನು ಕಾಫಿ ಲೋಟದೊಳಗೆ ನೋಡುತ್ತಿದ್ದ.

ಓಬಯ್ಯನಿಗೆ ಆಟ ಕಲಿಸಿದವರು ಯಾರೂ ಇಲ್ಲ. ಅವನ ತಾಯಿ ಉಚ್ಚಂಗಮ್ಮ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದಳು. ಹಾಲುಗಾಳು ಕಟ್ಟುವ ದಿನಗಳಲ್ಲಿ ಗಿಳಿ ಓಡಿಸುವ ಕೆಲಸ ಮಗನದು. ಬೇರೆ ಹುಡುಗರು ಕವಣೆ ಬೀಸುತ್ತಿದ್ದರು, ಇವನು ಬರಿಗೈಯಲ್ಲೇ ಕಲ್ಲು ಎಸೆಯುತ್ತಿದ್ದ. ಆ ಕೈ ಹದಿನೆಂಟನೇ ವಯಸ್ಸಿಗೆ ಮೈದಾನದ ಅಂಚಿನಿಂದ ಬಾಲು ಎಸೆದರೆ ಅದು ನೆಲ ಮುಟ್ಟದೆ ಕೀಪರನ ಕೈಗೆ ಬಂದು ಬೀಳುತ್ತಿತ್ತು. ಭದ್ರಾವತಿಯ ಒಂದು ಕ್ಲಬ್ಬಿನವರು ಕರೆದುಕೊಂಡು ಹೋಗಿ ಬೌಂಡರಿಯಲ್ಲಿ ನಿಲ್ಲಿಸಿದರು. ಅಲ್ಲಿಂದ ಮುಂದೆ ಹದಿಮೂರು ವರ್ಷ, ಅದರಲ್ಲಿ ಹನ್ನೊಂದು ವರ್ಷ ಕಾರ್ಖಾನೆಯ ತಂಡದಲ್ಲಿ, ಅವನು ಅಲ್ಲೇ ನಿಂತ. ಬೌಲಿಂಗ್ ಬರುತ್ತಿರಲಿಲ್ಲ. ಬ್ಯಾಟಿಂಗಿಗೆ ಹತ್ತನೆಯವನೋ ಹನ್ನೊಂದನೆಯವನೋ. ತಂಡದವನು ಎನಿಸಿಕೊಂಡದ್ದು ಓಟಕ್ಕೆ, ಎಸೆತಕ್ಕೆ.

ಬೌಂಡರಿ ಎಂಬುದು ಒಂಟಿ ಜಾಗ. ವಿಕೆಟ್ಟಿನ ಹತ್ತಿರ ನಿಂತವರು ಒಬ್ಬರನ್ನೊಬ್ಬರು ರೇಗಿಸುತ್ತಾರೆ, ಬ್ಯಾಟ್ಸ್‌ಮನ್ನನ ಅಪ್ಪನ ಹೆಸರು ಹಿಡಿದು ಹಾಡುತ್ತಾರೆ. ಅವರ ನಗು ಇವನ ತನಕ ಬರುವ ಹೊತ್ತಿಗೆ ಯಾಕೆ ನಕ್ಕರೆಂಬುದು ದಾರಿಯಲ್ಲಿ ಬಿದ್ದುಹೋಗಿರುತ್ತಿತ್ತು. ನೀರು ಕುಡಿಯಲು ಬಿಟ್ಟಾಗ ಇವನು ಓಡಿ ಮುಟ್ಟುವಷ್ಟರಲ್ಲಿ ಕೊಡದ ತಳ ಕಾಣುತ್ತಿತ್ತು. ತಂಡದ ಒಂದೇ ಒಂದು ಫೋಟೋದಲ್ಲಿ ಅವನ ಎಡಭುಜ ಮತ್ತು ಒಂದು ಕಿವಿ ಇದೆ. ಕಾರ್ಖಾನೆ ಸೇರಿದ ಹನ್ನೊಂದನೇ ವರ್ಷ ಒಂದು ಎಸೆತದಲ್ಲಿ ಭುಜದೊಳಗೆ ಏನೋ ಹರಿಯಿತು. ಆಮೇಲೆ ರಿಟೈರಾಗುವ ತನಕ ಕಾಗದದ ಕಟ್ಟು ಪ್ಯಾಕ್ ಮಾಡುವ ವಿಭಾಗ. ತಂಡದವರು ಒಂದೆರಡು ವರ್ಷ ಮಾತಾಡಿಸಿದರು. ಆಮೇಲೆ ಹೊಸಬರು ಬಂದರು.

ಆ ಕ್ಯಾಚಿನ ವಿಷಯಕ್ಕೆ ಬರೋಣ. ಭದ್ರಾವತಿಯಲ್ಲಿ ಕಾಲುವೆ ಪಕ್ಕದ ಆ ಮೈದಾನಕ್ಕೆ ಎಲ್ಲರೂ ಚಾನೆಲ್ ಗ್ರೌಂಡ್ ಎನ್ನುತ್ತಿದ್ದರು. ಚಾನೆಲ್ ಕಡೆ ನೆಲ ತಗ್ಗು. ನಡುವೆ ನಿಂತ ಅಂಪೈರಿಗೆ ಅಲ್ಲಿಯ ಫೀಲ್ಡರನ ಸೊಂಟದ ಮೇಲಷ್ಟೇ ಕಾಣುತ್ತಿತ್ತು, ಸುಣ್ಣದ ಗೆರೆ ಕಾಣುತ್ತಿರಲಿಲ್ಲ. ಪ್ರತಿ ಮ್ಯಾಚಿನಲ್ಲೂ ಜಗಳ. ಕೊನೆಗೆ ಅಂಪೈರ್ ಕರಿಯಪ್ಪ ಮೇಷ್ಟ್ರು, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ಒಂದು ಕಟ್ಟು ಮಾಡಿದರು. ಚಾನೆಲ್ ಕಡೆ ಫೀಲ್ಡರ್ ಹೇಳಿದ್ದೇ ತೀರ್ಪು. ಒಂದು ಕೈ ಎತ್ತಿದರೆ ಔಟು, ಎರಡು ಕೈ ಎತ್ತಿದರೆ ಸಿಕ್ಸು. ಮೇಲೆ ಮಾತಿಲ್ಲ. ಅಂಥ ಜಾಗಕ್ಕೆ ಯಾರನ್ನು ಹಾಕುವುದು ಎಂದು ಎರಡೂ ಕಡೆಯವರು ನೋಡುತ್ತಿದ್ದರು. ಓಬಯ್ಯ ಒಂದು ಫೈನಲ್ಲಿನಲ್ಲಿ ಕಾಲು ಗೆರೆ ಮುಟ್ಟಿತೆಂದು ತಾನೇ ಎರಡು ಕೈ ಎತ್ತಿ ತನ್ನ ತಂಡವನ್ನೇ ಸೋಲಿಸಿದ್ದ. ಕ್ಯಾಪ್ಟನ್ ಹದಿನೈದು ದಿನ ಮಾತು ಬಿಟ್ಟ. ಆದರೆ ಆವತ್ತಿನಿಂದ ಎದುರು ತಂಡದವರೂ "ಓಬಯ್ಯ ನಿಂತಿದಾನಲ್ಲ, ಬಿಡಿ" ಎನ್ನುತ್ತಿದ್ದರು.

ನಲವತ್ತೆಂಟು ವರ್ಷದ ಹಿಂದೆ, ಓಬಯ್ಯ ಇನ್ನೂ ಭದ್ರಾವತಿಯ ಕ್ಲಬ್ಬಿನಲ್ಲಿದ್ದಾಗ, ಶಿವಮೊಗ್ಗದ ಕ್ಲಬ್ಬಿನ ಜೊತೆ ಮ್ಯಾಚು. ಕಾರ್ಖಾನೆಯ ಕ್ರೀಡಾ ಕಾರ್ಯದರ್ಶಿ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆ ವರ್ಷ ಆಟಗಾರನೆಂದು ಕೆಲಸಕ್ಕೆ ತೆಗೆದುಕೊಳ್ಳುವುದು ಒಬ್ಬನನ್ನೇ ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಯ ಓವರ್. ಬೌಲರ್ ಲಿಂಗಪ್ಪ. ಶಿವಮೊಗ್ಗದವರಿಗೆ ಒಂಬತ್ತು ರನ್ ಬೇಕು. ಜನಾರ್ದನ ನಲವತ್ತೊಂದು ಹೊಡೆದು ನಿಂತಿದ್ದ. ಮೊದಲ ಬಾಲು ಖಾಲಿ. ಎರಡನೆಯದನ್ನು ಎತ್ತಿ ಚಾನೆಲ್ ಕಡೆ ಹೊಡೆದ. ಓಬಯ್ಯ ಹಿಂದೆ ಹಿಂದೆ ಹೋಗಿ ತಲೆಯ ಮೇಲೆ ಹಿಡಿದ. ಹಿಡಿದ ಕ್ಷಣದಲ್ಲಿ ಹಿಮ್ಮಡಿಯ ಕೆಳಗೆ ಸುಣ್ಣ ಮೆತ್ತಗೆ ಪುಡಿಯಾದದ್ದು ಗೊತ್ತಾಯಿತು. ದೂರದಲ್ಲಿ ಕರಿಯಪ್ಪ ಮೇಷ್ಟ್ರು ತಿರುಗಿ ನಿಂತು ಅವನ ಕೈ ಕಾಯುತ್ತಿದ್ದರು.

ಓಬಯ್ಯ ಒಂದು ಕೈ ಎತ್ತಿದ.

ಯಾರೂ ಒಂದು ಮಾತು ಕೇಳಲಿಲ್ಲ. ಉಳಿದ ನಾಲ್ಕು ಬಾಲಿನಲ್ಲಿ ಒಂದೇ ರನ್ ಬಂದು ಶಿವಮೊಗ್ಗದವರು ಏಳು ರನ್ನಿನಿಂದ ಸೋತರು. ಜನಾರ್ದನ ಬ್ಯಾಟು ಕಂಕುಳಲ್ಲಿಟ್ಟುಕೊಂಡು ಚಾನೆಲ್ ತನಕ ನಡೆದು ಬಂದು ಕೈಕುಲುಕಿ ಹೋದ. ಒಂದು ವಾರಕ್ಕೆ ಓಬಯ್ಯನಿಗೆ ಕಾರ್ಖಾನೆಯಿಂದ ಕರೆ ಬಂತು. ಉಚ್ಚಂಗಮ್ಮ ಗದ್ದೆ ಕೂಲಿ ಬಿಟ್ಟಳು.

ಇಷ್ಟನ್ನು ಅವನು ದೇವೀರಮ್ಮನಿಗೂ ಹೇಳಿರಲಿಲ್ಲ. ಹೇಳದೆ ಸಾಯಬಹುದಿತ್ತು ಕೂಡ. ಊರಲ್ಲಿ ಎಷ್ಟೋ ಜನ ಇದಕ್ಕಿಂತ ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡು ನೆಮ್ಮದಿಯಾಗಿ ಹೋಗಿದ್ದಾರೆ. ಅಷ್ಟರಲ್ಲಿ ಸನ್ಮಾನ ಬಂತು.

ಜಿಲ್ಲೆಯ ಹಳೇ ಆಟಗಾರರ ಬಳಗವೊಂದಿತ್ತು. ಅದರ ಕಾರ್ಯದರ್ಶಿ ಶಿವಪ್ರಸಾದ್, ಬ್ಯಾಂಕಿನಲ್ಲಿದ್ದು ನಿವೃತ್ತನಾದವನು, ಶಿಸ್ತಿನ ಮನುಷ್ಯ. ಈ ವರ್ಷ ಐದು ಜನರಿಗೆ ಶಾಲು, ಹಾರ, ಹಣ್ಣಿನ ತಟ್ಟೆ, ಸನ್ಮಾನ ಪತ್ರ ಎಂದು ಗೊತ್ತಾಗಿತ್ತು. ಓಬಯ್ಯನ ಹೆಸರು ಕೊಟ್ಟವನು ಜನಾರ್ದನ. ಒಂದು ಭಾನುವಾರ ಶಿವಪ್ರಸಾದ್ ಅಂಗಡಿಗೇ ಬಂದ. ಕೈಚೀಲದಿಂದ ಗೆದ್ದಲು ತಿಂದ ನಾಲ್ಕು ಸ್ಕೋರ್ ಬುಕ್ಕು ತೆಗೆದ. ತೀರಿಹೋದ ಕರಿಯಪ್ಪ ಮೇಷ್ಟ್ರ ಮನೆಯ ಅಟ್ಟದಲ್ಲಿ ಸಿಕ್ಕಿದ್ದವು.

"ಎಲ್ಲಾ ತಿರುವಿ ಹಾಕಿದೆ ಓಬಯ್ಯನೋರೆ. ಸನ್ಮಾನ ಪತ್ರಕ್ಕೆ ನಾಲ್ಕು ಅಂಕಿ ಅಂಶ ಬೇಕಲ್ಲ. ನಿಮ್ದು ಒಂದು ರನ್ನು, ಸೊನ್ನೆ, ಮೂರು ನಾಟ್ ಔಟ್. ಬೌಲಿಂಗ್ ಇಲ್ಲ. ಬೇರೇನಾದ್ರೂ ಇದೆಯಾ?"

"ಬೌಂಡ್ರಿ ತಡೀತಿದ್ದೆ ಸಾರ್."

"ಅದನ್ನ ಬರೆಯೋಕೆ ಇದರಲ್ಲಿ ಜಾಗವೇ ಇಲ್ಲ ನೋಡಿ. ಹೊಡೆದಿದ್ದಕ್ಕೆ ಲೆಕ್ಕ ಇದೆ, ತಡೆದದ್ದಕ್ಕೆ ಇಲ್ಲ."

"ಅವೆಲ್ಲ ಯಾಕ್ರೀ," ಎಂದ ಜನಾರ್ದನ. "ಆ ಕ್ಯಾಚೊಂದು ಸಾಕು. ಹದಿಮೂರು ವರ್ಷದ ಆಟವೆಲ್ಲ ಅದರೊಳಗೆ ಬಂತು. ವೇದಿಕೆ ಮೇಲೆ ನಾನೇ ಮಾತಾಡ್ತೀನಿ. ಶಾಲೂ ನಾನೇ ಹೊದಿಸ್ತೀನಿ. ಔಟಾದವನು ಹಿಡಿದವನಿಗೆ ಶಾಲು ಹೊದಿಸೋದು ಎಲ್ಲಾದ್ರೂ ನೋಡಿದೀರಾ?"

ಶಿವಪ್ರಸಾದ್ ಪುಟ ತೆರೆದು ತೋರಿಸಿದ. ಆಟ ಮುಗಿದ ಮೇಲೆ ಕೂತು ಬರೆದ ಮೇಷ್ಟ್ರ ನೀಟಾದ ಅಕ್ಷರ. ಜನಾರ್ದನ, ಕ್ಯಾಚ್ ಓಬಯ್ಯ, ಬೌಲ್ಡ್ ಲಿಂಗಪ್ಪ, ನಲವತ್ತೊಂದು. ಅಷ್ಟು ವರ್ಷ ಬಿಸಿಲಲ್ಲಿ ನಿಂತು ತಡೆದ ನೂರಾರು ಬಾಲುಗಳದ್ದು ಎಲ್ಲೂ ಒಂದು ಗೀಟಿಲ್ಲ. ಬರೆದು ಉಳಿದದ್ದು ಕ್ಯಾಚೇ ಅಲ್ಲದ ಈ ಒಂದು ಕ್ಯಾಚು. ಓಬಯ್ಯ ಅಂದು ಕ್ಯಾರಿಯರಿನ ಊಟ ಅರ್ಧಕ್ಕೆ ಬಿಟ್ಟ. ಜನಾರ್ದನ, "ಸನ್ಮಾನಕ್ಕೆ ಹೊಟ್ಟೆ ಖಾಲಿ ಇಟ್ಕೊಂಡಿದಾನೆ ನೋಡ್ರೀ" ಎಂದು ನಕ್ಕ.

ಆ ವಾರವೆಲ್ಲ ಓಬಯ್ಯ ಬೀಗದ ಮನೆಗಳ ಮುಂದೆ ಓಡಾಡಿ ಯೋಚನೆ ಮಾಡಿದ. ಅಂಗಡಿಯಲ್ಲಿ ಕೂತು ಸುಳ್ಳು ಹೊಗಳಿಕೆ ಕೇಳುವುದು ಹೇಗೋ ಅಭ್ಯಾಸವಾಗಿತ್ತು. ಆದರೆ ಆ ಮನುಷ್ಯನೇ ತನ್ನ ಕೈಯಾರೆ ಶಾಲು ಹೊದಿಸುವಾಗ ಹೆಗಲು ಕೊಟ್ಟು ನಿಲ್ಲುವುದು ಬೇರೆ. ಹೇಳಿಬಿಟ್ಟರೆ? ಹೇಳಿದರೆ ಭಾನುವಾರ ಹೋಗುತ್ತದೆ. ಸ್ಟೂಲು, ಕಾಫಿ, 'ಬಾರಯ್ಯ' ಎನ್ನುವ ಒಂದು ದನಿ ಹೋಗುತ್ತದೆ. ಅರವತ್ತೆಂಟರ ವಯಸ್ಸಿನಲ್ಲಿ ಹೊಸ ಸ್ನೇಹಿತನನ್ನು ಎಲ್ಲಿ ಹುಡುಕುವುದು? ಹೇಳಬಾರದೆಂದು ಬುಧವಾರ ತೀರ್ಮಾನ ಮಾಡಿದ. ಶುಕ್ರವಾರವೂ ಅದೇ ತೀರ್ಮಾನವಿತ್ತು. ಭಾನುವಾರ ಬಸ್ಸಿಳಿದು ಅಂಗಡಿಗೆ ಹೋದಾಗ ಜನಾರ್ದನ ಗಲ್ಲಾದ ಕೆಳಗಿನಿಂದ ಒಂದು ಶಾಲು ತೆಗೆದು ತೋರಿಸಿದ.

"ಬಳಗದವರು ತರೋದು ತೆಳ್ಳಗಿರುತ್ತೆ, ಎರಡು ಸಲ ಒಗೆದ್ರೆ ಬಲೆ. ಇದು ನಾನೇ ತಂದೆ. ಮುಟ್ಟಿ ನೋಡು."

ಓಬಯ್ಯ ಮುಟ್ಟಲಿಲ್ಲ.

"ಜನಾರ್ದನ, ಆವತ್ತು ನನ್ನ ಕಾಲು ಗೆರೆ ಮೇಲಿತ್ತು."

"ಯಾವತ್ತು?"

"ಆವತ್ತೇ. ಚಾನೆಲ್ ಕಡೆ. ಅದು ಸಿಕ್ಸು. ನಾನು ಒಂದೇ ಕೈ ಎತ್ತಿದೆ."

ಜನಾರ್ದನ ಶಾಲನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿದ. ಹೊರಗೆ ತಳ್ಳುಗಾಡಿಯವನು ನಿಂಬೆಹಣ್ಣು ಕೂಗುತ್ತಿದ್ದ. ಅವನು ಮುಂದೆ ಹೋದ ಮೇಲೆ ಜನಾರ್ದನ ಕೇಳಿದ, "ಎಷ್ಟು?"

"ಏನು ಎಷ್ಟು?"

"ಗೆರೆ ಮೇಲೆ. ಪೂರಾ ಪಾದವೋ, ತುದಿಯೋ?"

"ಹಿಮ್ಮಡಿ."

"ಗೊತ್ತಿತ್ತಾ ನಿಂಗೆ? ಆಗಲೇ?"

"ಗೊತ್ತಿತ್ತು."

"ನಾನು ಅಲ್ಲಿತನಕ ನಡೆದು ಬಂದು ನಿನ್ನ ಕೈ ಕುಲುಕಿದೆ."

"ಹೌದು."

ಜನಾರ್ದನನ ದನಿ ಏರಲಿಲ್ಲ. ಏರಿದ್ದರೆ ಓಬಯ್ಯನಿಗೆ ಸುಲಭವಾಗುತ್ತಿತ್ತು. "ಕೆಲಸದ ವಿಷಯ ಬಿಡು. ಕಾರ್ಖಾನೆ ಸೇರಿದ್ರೆ ನಾನೂ ನಿನ್ನ ಹಾಗೆ ಬೀಗ ನೋಡ್ಕೊಂಡು ಕೂತಿರ್ತಿದ್ದೆ. ಅಂಗಡಿಯಿಂದ ಚೆನ್ನಾಗೇ ಆಯ್ತು. ಆದ್ರೆ ಆವತ್ತು ಸಂಜೆ ನಮ್ಮಪ್ಪ, 'ಕೊನೇ ಗಳಿಗೇಲಿ ಕೈಕೊಡೋನು ನೀನು, ನಿನ್ನ ಹಣೇಬರವೇ ಅಷ್ಟು' ಅಂದ. ನಾನು ಬ್ಯಾಟು ಒಲೆಗೆ ಹಾಕಿದೆ. ಆಮೇಲೆ ಎಷ್ಟೋ ವರ್ಷ ಏನು ಅಂದ್ಕೊಂಡೆ ಗೊತ್ತಾ? ನಾನು ಕೈಕೊಡಲಿಲ್ಲ, ಓಬಯ್ಯ ಅಂಥಾ ಕ್ಯಾಚು ಹಿಡಿದ, ದೇವರೇ ಬಂದ್ರೂ ಏನು ಮಾಡೋಕಾಗ್ತಿತ್ತು ಅಂತ. ಅದನ್ನ ಹಿಡ್ಕೊಂಡು ಬದುಕಿದೆ ಮಾರಾಯ. ಈಗ ನೀನು ಅದನ್ನೂ ಕಿತ್ಕೊಂಡೆ."

"ತಪ್ಪಾಯ್ತು."

"ಮೂರು ವರ್ಷ ಇಲ್ಲೇ ಕೂತು ಕೇಳಿದೆಯಲ್ಲ. ಒಂದ್ಸಲನಾದ್ರೂ ಬಾಯಿ ಬಿಡಬಾರದಿತ್ತಾ?"

ಇದಕ್ಕೆ ಓಬಯ್ಯನ ಹತ್ತಿರ ಉತ್ತರವಿತ್ತು. ನೀನು ಕಾಫಿ ತರಿಸುತ್ತಿದ್ದೆ, ಅದಕ್ಕೇ ಬಿಡಲಿಲ್ಲ ಎಂಬುದು. ಅದನ್ನು ಹೇಳುವುದು ಹೇಗೆ? ಅಷ್ಟರಲ್ಲಿ ಇಬ್ಬರು ಹೆಂಗಸರು ಇಡ್ಲಿ ಪಾತ್ರೆ ಕೇಳಿಕೊಂಡು ಬಂದರು. ಜನಾರ್ದನ ಎದ್ದು ಹೋಗಿ ತೋರಿಸತೊಡಗಿದ. ಇವನ ಕಡೆ ತಿರುಗಲಿಲ್ಲ. ಅವರು ಹೋದ ಮೇಲೂ ಪಾತ್ರೆಗಳನ್ನು ಒಂದೊಂದಾಗಿ ಒರೆಸಿ ಇಡುತ್ತಾ ಗೋಡೆಯ ಕಡೆಗೇ ನಿಂತಿದ್ದ. ಓಬಯ್ಯ ಸ್ಟೂಲನ್ನು ಗೋಡೆಗೆ ಸರಿಸಿಟ್ಟು ಇಳಿದು ಬಂದ. ಹನ್ನೊಂದು ಗಂಟೆಗೇ ಅವನು ಭದ್ರಾವತಿಯ ಬಸ್ಸಿನಲ್ಲಿದ್ದ.

ಮನೆಗೆ ಬಂದು ಶಿವಪ್ರಸಾದನಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿದ. ಆ ಕ್ಯಾಚಿನ ಸಾಲು ತೆಗೆಯಿರಿ ಎಂದ.

"ಅದು ತೆಗೆದ್ರೆ ಏನುಳೀತು ಸಾರ್? ಪತ್ರದ ತುಂಬ ಅದೇ ಇದೆ."

"ಏನೂ ಉಳೀದಿದ್ರೆ ಏನೂ ಬರೀಬೇಡಿ. ಸನ್ಮಾನವೇ ಬೇಡ ಅಂದ್ರೂ ಸರಿ."

"ಆಹ್ವಾನ ಪತ್ರಿಕೆ ಹಂಚಾಗಿದೆ," ಎಂದ ಶಿವಪ್ರಸಾದ್. "ಬನ್ನಿ. ನೋಡ್ಕೊಳ್ಳೋಣ."

ಸನ್ಮಾನದ ದಿನ ಉಳಿದ ನಾಲ್ವರ ಪತ್ರ ಓದಲು ಹತ್ತತ್ತು ನಿಮಿಷ ಹಿಡಿಯಿತು. ಓಬಯ್ಯನದು ಒಂದೇ ಸಾಲು: ಹದಿಮೂರು ವರ್ಷ ಬೌಂಡರಿಯಲ್ಲಿ ನಿಂತು ಆಡಿದವರು. ಸಭೆಯಲ್ಲಿ ಚಪ್ಪಾಳೆ ಹೊಡೆಯಬೇಕೋ, ಇನ್ನೂ ಓದುವುದಿದೆಯೋ ತಿಳಿಯದೆ ಜನ ಸುಮ್ಮನಿದ್ದರು. ಬಳಗದ ತೆಳ್ಳನೆಯ ಶಾಲನ್ನು ಅಧ್ಯಕ್ಷರು ಹೊದಿಸಿದರು. ಮುಂದಿನ ಸಾಲಿನಲ್ಲಿ ಜನಾರ್ದನನ ಹೆಸರಿನ ಚೀಟಿ ಅಂಟಿಸಿದ್ದ ಕುರ್ಚಿಯಲ್ಲಿ ಯಾರೋ ತಮ್ಮ ಚೀಲ ಇಟ್ಟಿದ್ದರು.

ಕಾರ್ಯಕ್ರಮ ಮುಗಿದು ಓಬಯ್ಯ ಹಣ್ಣಿನ ತಟ್ಟೆ ಹಿಡಿದು ಮೆಟ್ಟಿಲಿಳಿಯುವಾಗ ಶಿವಪ್ರಸಾದ್ ಪಕ್ಕಕ್ಕೆ ಕರೆದ. ಅಲ್ಲಿ ಜನಾರ್ದನ ನಿಂತಿದ್ದ. ಅಂಗಡಿಯಿಂದ ನೇರ ಬಂದವನು, ಮೊಣಕೈ ತನಕ ಮಡಿಸಿದ ತೋಳು, ಕೈಯಲ್ಲಿ ಸ್ಕೂಟರಿನ ಕೀ. ಓಬಯ್ಯನನ್ನು ನೋಡದೆ ಶಿವಪ್ರಸಾದನಿಗೆ ಹೇಳಿದ, "ತೆಗೀರಿ."

ಶಿವಪ್ರಸಾದ್ ಸ್ಕೋರ್ ಬುಕ್ಕು ತೆಗೆದು ಮೋಟು ಗೋಡೆಯ ಮೇಲೆ ಬಿಡಿಸಿದ. "ಇವರು ತಿದ್ದಬೇಕು ಅಂತಾರೆ. ನಲವತ್ತೇಳು, ನಾಟ್ ಔಟ್. ನಾನು ಅಂದೆ, ಇಷ್ಟು ವರ್ಷ ಆದ್ಮೇಲೆ ಯಾರ ಅಧಿಕಾರದ ಮೇಲೆ ತಿದ್ದೋದು ಅಂತ."

"ಚಾನೆಲ್ ಕಡೆ ಫೀಲ್ಡರ್ ಹೇಳಿದ್ದೇ ತೀರ್ಪು," ಎಂದ ಜನಾರ್ದನ. "ಮೇಷ್ಟ್ರು ಮಾಡಿದ ಕಟ್ಟು. ಫೀಲ್ಡರ್ ಇಲ್ಲೇ ಇದಾನೆ. ಸಹಿ ಹಾಕೋಕೆ ಹೇಳಿ."

ಓಬಯ್ಯ ತಟ್ಟೆಯನ್ನು ಗೋಡೆಯ ಮೇಲಿಟ್ಟ. ಶಿವಪ್ರಸಾದ್ ಹಳೇ ಸಾಲಿಗೆ ಅಡ್ಡಗೆರೆ ಎಳೆದು ಮೇಲೆ ಬರೆದ. ಅದರ ಪಕ್ಕ ಓಬಯ್ಯ ಸಹಿ ಹಾಕಿದ. ಜನಾರ್ದನ ಕನ್ನಡಕ ಹಣೆಗೆ ಏರಿಸಿ ಪುಟದ ಹತ್ತಿರ ಬಗ್ಗಿ ಓದಿದ, ಬೆರಳಿಟ್ಟು ಇನ್ನೊಮ್ಮೆ ಓದಿದ. ಆಮೇಲೆ ಸ್ಕೂಟರ್ ಹತ್ತಿ ಹೋದ.

ಮುಂದಿನ ಭಾನುವಾರ ಓಬಯ್ಯ ಬಸ್ಸು ಹತ್ತಲಿಲ್ಲ. ಎಂಟೂವರೆಗೆ ಅಭ್ಯಾಸಬಲದಿಂದ ಅಂಗಿ ಹಾಕಿಕೊಂಡವನು ಹತ್ತರ ತನಕ ಅದರಲ್ಲೇ ಕೂತಿದ್ದು ಬಿಚ್ಚಿ ಗೂಟಕ್ಕೆ ಹಾಕಿದ. ಅದರ ಮುಂದಿನ ಭಾನುವಾರ ಅಂಗಿಯನ್ನೂ ಹಾಕಿಕೊಳ್ಳಲಿಲ್ಲ. ಸನ್ಮಾನದ ಸೇಬು ಎರಡು ಕೊಳೆತವು, ಉಳಿದವನ್ನು ತರಕಾರಿಯವಳಿಗೆ ಕೊಟ್ಟ. ಅವಳು, "ಏನಜ್ಜ, ಶಿವಮೊಗ್ಗ ಬಿಟ್ಟೇಬಿಟ್ರಾ?" ಎಂದಳು. ಹೌದೆಂದೋ ಇಲ್ಲವೆಂದೋ ತಲೆಯಾಡಿಸಿದ. ಹೇಳಿದ್ದು ತಪ್ಪಾಯಿತೆಂದು ಅವನಿಗೆ ಅನ್ನಿಸಲಿಲ್ಲ. ಆದರೆ ಸರಿಯಾದದ್ದು ಮಾಡಿದವನಿಗೆ ಮಧ್ಯಾಹ್ನಗಳು ಸಣ್ಣವಾಗುತ್ತವೆ ಎಂದು ಎಲ್ಲೂ ಬರೆದಿಲ್ಲ.

ಮೂರನೇ ಭಾನುವಾರ ಅಕ್ಕಿ ತೊಳೆಯುತ್ತಿದ್ದಾಗ ಫೋನು ಬಂತು. ಒದ್ದೆ ಕೈಯಲ್ಲೇ ಎತ್ತಿದ. ಆ ಕಡೆ ಪಾತ್ರೆಗಳ ಸದ್ದು, ಬಜಾರಿನ ಗಲಾಟೆ. ಹೆಸರು ಹೇಳದೆ, ಹೇಗಿದ್ದೀ ಎನ್ನದೆ ಜನಾರ್ದನ ಕೇಳಿದ.

"ಆ ಸಿಕ್ಸ್ ಆದ್ಮೇಲೆ ಮೂರು ರನ್ ಬೇಕು. ಎಷ್ಟು ಬಾಲು ಉಳೀತು?"

"ನಾಲ್ಕು."

"ಲಿಂಗಪ್ಪ ಮುಂದಿನದು ಎಲ್ಲಿ ಹಾಕ್ತಿದ್ದ?"

ಓಬಯ್ಯ ಕಣ್ಣು ಮುಚ್ಚಿಕೊಂಡು ನೋಡಿದ. ಲಿಂಗಪ್ಪನ ಬೆನ್ನು, ಓಡಿ ಬರುವ ರೀತಿ, ಎಲ್ಲ ದೂರದಿಂದ ಕಾಣಿಸಿತು. "ಹೊಡೆಸಿಕೊಂಡ ಮೇಲೆ ಅವನು ಕಾಲಿಗೇ ಹಾಕೋನು. ಜೋರಾಗಿ."

"ನಾನು ಸುಮ್ನೆ ತಟ್ಟಿ ಒಂದು ಓಡ್ತಿದ್ದೆ."

"ಓಡಬಹುದಿತ್ತು. ನಾನು ಎಸೆಯೋ ಹೊತ್ತಿಗೆ ಮುಟ್ಟಿರ್ತಿದ್ದಿ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು. ಯಾರೋ ಗಿರಾಕಿ ಏನೋ ಕೇಳಿದರು. ಜನಾರ್ದನ "ಬಂದೆ ಅಮ್ಮಾ" ಎಂದು ಫೋನು ಇಟ್ಟ. ಬಾ ಎಂದು ಕರೆಯಲಿಲ್ಲ.

ಓಬಯ್ಯ ಅಕ್ಕಿ ಒಲೆಯ ಮೇಲಿಟ್ಟ. ಫೋನಿನ ಬ್ಯಾಟರಿಯಲ್ಲಿ ಒಂದೇ ಗೀಟು ಉಳಿದಿತ್ತು. ಕೈ ಒರೆಸಿಕೊಂಡು ಅದನ್ನು ಚಾರ್ಜಿಗೆ ಹಾಕಿದ.